ಬೀಟ್ ಎಲ್ಲೈತ್ರಿ ಸರ್?

ಮೊದಲ ದಿನ ಯಾರೇ ಬಂದರೂ ಕೇಳುವುದು ಇದನ್ನೇ. ವಿಲಂಬಿತ್ ಖ್ಯಾಲ್, ಅಂದರೆ ಹಿಂದೂಸ್ತಾನಿ ಸಂಗೀತದ ನಿಧಾನ ಲಯದ ಗಾಯನ ಹಚ್ಚಿ, ಹೆಡ್‌ಫೋನ್ ಕೊಟ್ಟು ಕೂರಿಸುತ್ತೇನೆ. ಎರಡು ನಿಮಿಷಕ್ಕೆ ಹೆಡ್‌ಫೋನ್ ಕೆಳಗಿಳಿಯುತ್ತದೆ. "ಸರ್, ಇದ್ರಾಗ ಬೀಟ್ ಎಲ್ಲೈತ್ರಿ?"

ಬಳ್ಳಾರಿಯ ನನ್ನ ಎಡಿಟಿಂಗ್ ರೂಮಿಗೆ ಭಾನುವಾರ ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಮದುವೆ ವಿಡಿಯೋದಲ್ಲಿ ಕೈ ಪಳಗಿದವರು. ಡೋಲು ಬಿದ್ದ ಕಡೆ ಕಟ್, ಅಕ್ಷತೆ ಬಿದ್ದ ಕಡೆ ಸ್ಲೋ ಮೋಷನ್. ಅದನ್ನು ನಾನು ಹೀಯಾಳಿಸುವ ಹಾಗಿಲ್ಲ, ಹನ್ನೆರಡು ವರ್ಷ ಅದೇ ಕೆಲಸದಿಂದ ನನ್ನ ಮನೆ ನಡೆದಿದೆ. ಈಗ ಇವರಿಗೆ ಶಾಸ್ತ್ರೀಯ ಸಂಗೀತಕ್ಕೆ ವಿಡಿಯೋ ಮಾಡುವ ಹುಚ್ಚು ಹತ್ತಿದೆ. ಹತ್ತು ನಿಮಿಷದ ಗಾಯನ, ಅದಕ್ಕೆ ಹತ್ತು ನಿಮಿಷದ ಚಿತ್ರ. ಕಥೆ ಇಲ್ಲ, ಮಾತಿಲ್ಲ. ಹುಚ್ಚು ಒಳ್ಳೆಯದೇ. ಕೈ ಮಾತ್ರ ಇನ್ನೂ ಮದುವೆ ಮನೆಯಲ್ಲೇ ಇದೆ.

ಮೊದಲು ಲೆಕ್ಕ. ವಿಲಂಬಿತ್ ಏಕತಾಲ ಅನ್ನುವ ತಾಳದಲ್ಲಿ 12 ಮಾತ್ರೆ, ಅಂದರೆ 12 ಎಣಿಕೆ. ಆ ಒಂದು ಸುತ್ತೇ ಆವರ್ತನ. ಗಾಯಕರು ತೀರಾ ನಿಧಾನಕ್ಕೆ ಹಿಡಿದರೆ ಒಂದು ಮಾತ್ರೆಗೆ 4 ಸೆಕೆಂಡ್, ಒಂದು ಆವರ್ತನಕ್ಕೆ 48 ಸೆಕೆಂಡ್. ಸೆಕೆಂಡಿಗೆ 25 ಫ್ರೇಮ್ ಅಂತ ಹಿಡಿದರೆ ಮಾತ್ರೆಗೆ 100 ಫ್ರೇಮ್, ಆವರ್ತನಕ್ಕೆ 1200. ಮದುವೆ ಹಾಡಾಗಿದ್ದರೆ ಅಷ್ಟೊತ್ತಿಗೆ ನಲವತ್ತು ಕಟ್ ಬಿದ್ದಿರುತ್ತಿತ್ತು. ಇಲ್ಲಿ ಸಮ್‌ನಿಂದ ಸಮ್‌ವರೆಗೆ ಕಾಯಬೇಕು. ಸಮ್ ಅಂದರೆ ಆವರ್ತನದ ಮೊದಲ ಮಾತ್ರೆ.

ಕಾಯುವುದಕ್ಕೂ ಒಂದು ಗುರುತು ಬೇಕಲ್ವಾ? ಏಕತಾಲದ ಠೇಕಾದಲ್ಲಿ, ಅಂದರೆ ತಬಲಾದಲ್ಲಿ ನುಡಿಸುವ ಬೋಲುಗಳ ಸಾಲಿನಲ್ಲಿ, "ತಿರಕಿಟ" ಎರಡು ಸಲ ಬರುತ್ತದೆ, 4ನೇ ಮಾತ್ರೆಯಲ್ಲಿ ಒಮ್ಮೆ, 10ನೆಯದರಲ್ಲಿ ಒಮ್ಮೆ. ಮೊದಲನೆಯದರ ಬೆನ್ನಿಗೆ "ತೂ ನಾ". ಎರಡನೆಯದರ ಬೆನ್ನಿಗೆ "ಧಿನ್ ನಾ", ಆಮೇಲೆ ಸಮ್. ಆ ಎರಡನೇ ತಿರಕಿಟ ಕಿವಿಗೆ ಸಿಕ್ಕಿತು ಅಂದರೆ ಅರ್ಧ ಎಡಿಟಿಂಗ್ ಬಂದ ಹಾಗೆ. ಗಾಯಕರು ಎಲ್ಲೆಲ್ಲೋ ಅಲೆದಾಡಿ ಬಂದು ಮುಖಡಾ (ಹಾಡಿನ ಮೊದಲ ಸಾಲಿನ ತುಣುಕು) ಹಿಡಿಯುವುದೂ ಹೆಚ್ಚಾಗಿ ಅದರ ಆಸುಪಾಸಿನಲ್ಲೇ.

ಸಾಫ್ಟ್‌ವೇರ್ ತಾನೇ ಬೀಟ್ ಹುಡುಕಿ ಗುರುತು ಹಾಕುತ್ತದಲ್ಲ, ಅದನ್ನು ನಂಬಬೇಡಿ. ಅದಕ್ಕೆ ಒಂದೇ ವೇಗ ಬೇಕು. ಖ್ಯಾಲ್ ಬೆಳೆದ ಹಾಗೆ ಲಯ ಗೊತ್ತೇ ಆಗದಂತೆ ಏರುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಟೈಮ್‌ಲೈನ್ ಮೇಲೆ ಸಮನಾಗಿ ಗೆರೆ ಹಾಕಿಕೊಂಡು ಜಾಣನ ಹಾಗೆ ಕೂತಿದ್ದೆ. ಹತ್ತು ನಿಮಿಷ ದಾಟುವಷ್ಟರಲ್ಲಿ ಚಿತ್ರ ಅರ್ಧ ಆವರ್ತನ ಹಿಂದೆ ಬಿದ್ದಿತ್ತು. ನಮ್ಮ ಓಣಿಯ ಹಿರಿಯ ತಬಲಾ ವಾದಕರಿಗೆ ತೋರಿಸಿದೆ. "ನಿನ್ನ ಚಿತ್ರ ಬ್ಯಾರೆ ಕಛೇರಿಗೆ ಹೊಂಟೈತಲ್ಲಪ್ಪ" ಅಂದರು. ಅವತ್ತಿನಿಂದ ಹಾಡು ಕೇಳುತ್ತಾ ಪ್ರತಿ ಸಮ್‌ಗೂ ಕೈಯಿಂದಲೇ ಮಾರ್ಕರ್ ಒತ್ತುತ್ತೇನೆ. ಬೇಜಾರಿನ ಕೆಲಸ. ಮೂರು ಸಲ ಮಾಡಿದರೆ ಹಾಡು ಬಾಯಿಪಾಠ ಆಗುತ್ತದೆ ಅನ್ನುವುದೇ ಲಾಭ.

ಗುರುತು ಸಿಕ್ಕ ಮೇಲೆ ಎರಡನೇ ರೋಗ ಶುರು. ಪ್ರತಿ ಸಮ್‌ಗೂ ಕಟ್, ಪ್ರತಿ ತಾನ್‌ಗೂ (ವೇಗದ ಸ್ವರಗಳ ಓಟ) ಒಂದು ಹಕ್ಕಿ ಹಾರಿಸುವುದು. ಆಗ ನಾನು ಹಾಡಿಗೆ ಜೊತೆ ಕೊಡುವ ಹಾರ್ಮೋನಿಯಂ ಸಾಥ್ ತೋರಿಸುತ್ತೇನೆ. ಒಳ್ಳೆಯ ಸಾಥಿದಾರ ಗಾಯಕರ ಹಿಂದೆ ಒಂದು ಗುಟುಕು ತಡವಾಗಿ ಬರುತ್ತಾನೆ. ಅವರು ಉಸಿರು ತೆಗೆದುಕೊಂಡಾಗ ಖಾಲಿ ಜಾಗ ತುಂಬುತ್ತಾನೆ. ಅವರು ಮೀಂಡ್‌ನಲ್ಲಿ ಸ್ವರದಿಂದ ಸ್ವರಕ್ಕೆ ಜಾರುವಾಗ ಕೈ ಹಗುರ ಮಾಡುತ್ತಾನೆ, ಯಾಕಂದರೆ ಮನೆ ಮನೆಯಾಗಿ (ಒಂದೊಂದು ಕೀ ಬೇರೆ ಬೇರೆಯಾಗಿ) ಕೂತ ಹಾರ್ಮೋನಿಯಂಗೆ ಆ ಜಾರುವಿಕೆ ಬರುವುದಿಲ್ಲ. ವಿಡಿಯೋದ ಕಥೆಯೂ ಅಷ್ಟೇ. ಕಟ್ ಅನ್ನುವುದು ಹಾರ್ಮೋನಿಯಂ ಮನೆ ಇದ್ದ ಹಾಗೆ, ಅದರಲ್ಲಿ ಮೀಂಡ್ ಇಲ್ಲ. ಮೀಂಡ್ ಬಂದಾಗ ಕತ್ತರಿ ಕೆಳಗಿಡಿ.

ರಾಗವನ್ನು ಚಿತ್ರ ಮಾಡುವುದು ಹಳೆಯ ಆಸೆಯೇ. ರಾಗಮಾಲಾ ಚಿತ್ರಗಳನ್ನು ದಖ್ಖನ್ನಿನಲ್ಲೂ ಬರೆದಿದ್ದಾರೆ. ಆ ಚಿತ್ರಕಾರನಿಗೆ ಒಂದು ರಾಗಕ್ಕೆ ಒಂದೇ ಹಾಳೆ. ನಮಗೆ ಹತ್ತು ನಿಮಿಷ ಸಿಕ್ಕಿದೆ, ಆದರೂ ಹುಡುಗರು ಹಾಳೆಯನ್ನೇ ತರುತ್ತಾರೆ. ಸಂಜೆಯ ಮಾರ್ವಾ ಅಂದರೆ ತುಂಗಭದ್ರಾ ಡ್ಯಾಮಿನ ಹಿನ್ನೀರು, ಮುಳುಗುವ ಸೂರ್ಯ. ಇಲ್ಲವೇ ಹಂಪಿಯ ಬಂಡೆ. (ಹಂಪಿ 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ನಮ್ಮ ಹುಡುಗರ ಮೊಬೈಲ್‌ನಿಂದ ಹೋಗಿಲ್ಲ.)

ಅದಕ್ಕೇ ನಾನು ಊರೊಳಗಿನ ಚಲನೆ ಹುಡುಕಿ ತರಲು ಹೇಳುತ್ತೇನೆ. ಒಬ್ಬಳು ಇಲ್ಲಿನ ಜೀನ್ಸ್ ಹೊಲಿಯುವ ಘಟಕಕ್ಕೆ ಹೋದಳು. ಹಾಡು ದ್ರುತ್ (ವೇಗದ) ತೀನ್‌ತಾಲ್, ನಿಮಿಷಕ್ಕೆ 240 ಮಾತ್ರೆ, 16 ಮಾತ್ರೆಯ ಆವರ್ತನ 4 ಸೆಕೆಂಡಿಗೇ ಮುಗಿಯುತ್ತದೆ. ಮೊದಲು ಮಾತ್ರೆಗೊಂದು ಸೂಜಿ ಬಡಿತ ಜೋಡಿಸಿದ್ದಳು. ಅರ್ಧ ನಿಮಿಷ ಭಲೇ ಅನ್ನಿಸಿತು, ಆಮೇಲೆ ಆಕಳಿಕೆ. ಸೂಜಿಯನ್ನೆಲ್ಲ ತೆಗೆದು, ಪೆಡಲ್ ಮೇಲಿನ ಕಾಲು ಮತ್ತು ಮೇಜಿನ ಆಚೆ ಮೆಲ್ಲಗೆ ಜಾರಿ ಬೀಳುವ ನೀಲಿ ಬಟ್ಟೆ ಮಾತ್ರ ಉಳಿಸಿದಳು. ತಬಲಾ ಓಡುತ್ತಿದೆ, ಬಟ್ಟೆ ತನ್ನ ಪಾಡಿಗೆ ಬೀಳುತ್ತಿದೆ. ಅದೇ ನಿಂತಿತು.

ಈ ತಾಳ್ಮೆ ನೋಡಬೇಕಾದರೆ ತೊಗಲುಗೊಂಬೆ ಆಟಕ್ಕೆ ಹೋಗಿ. ಬಳ್ಳಾರಿಯ ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣ ಈಗಿಲ್ಲ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಪರದೆ, ಬೆಳಕು, ಹಾಡು, ಅಷ್ಟೇ ಸಾಮಾನು. ಹಾಡು ಉಕ್ಕುವಾಗ ಗೊಂಬೆ ಎಷ್ಟು ಹೊತ್ತು ಸುಮ್ನೆ ನಿಲ್ಲುತ್ತದೆ, ಗಡಿಯಾರ ಹಿಡಿದು ನೋಡಿ. ಬಳ್ಳಾರಿ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡದಲ್ಲಿ ಇನ್ನೂ ಹಳೆಯದಿದೆ. ನವಶಿಲಾಯುಗದ ಜನ ದನಗಳ ಚಿತ್ರ ಕುಟ್ಟಿ ಕೆತ್ತಿದ ಕಪ್ಪು ಬಂಡೆಗಳ ನಡುವೆಯೇ, ಬಡಿದರೆ ಗಂಟೆಯ ಹಾಗೆ ನಾದ ಕೊಡುವ ಬಂಡೆಗಳೂ ಇವೆ. ನೋಡಿ ಬನ್ನಿ, ದಯವಿಟ್ಟು ಬಡಿಯಬೇಡಿ.

ಹಕ್ಕಿನ ವಿಷಯ ಚುಟುಕಾಗಿ. ರಾಯಚೂರಿನ ಹುಡುಗರಿಗೆ ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿ ಅವರ ಗಾಯನವೇ ಬೇಕು. ಆಸೆ ಸರಿ. ಆದರೆ ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಯೂಟ್ಯೂಬ್‌ನಿಂದ ಇಳಿಸಿಕೊಂಡರೆ ಹಾಕಿದ ದಿನವೇ ತಕರಾರು ಬರಬಹುದು. ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗಾಯಕರು ನಮ್ಮ ಕಡೆ ಬೇಕಾದಷ್ಟು ಇದ್ದಾರೆ. ಕೇಳಿ, ಸಂಭಾವನೆ ಕೊಟ್ಟು, ಒಪ್ಪಿಗೆ ಬರೆಸಿಕೊಂಡು ನೀವೇ ರೆಕಾರ್ಡ್ ಮಾಡಿ.

ತೋರಿಸುವಾಗ ಮೊಬೈಲ್ ಸ್ಪೀಕರ್ ಬೇಡ. ಅದರಲ್ಲಿ ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯ) ಗುಂಕಾರವೇ ಬರುವುದಿಲ್ಲ. ನಾವು ಮಾಳಿಗೆ ಮೇಲೆ ಬಿಳಿ ಗೋಡೆಗೆ ಬಿಟ್ಟು, ದೊಡ್ಡ ಸ್ಪೀಕರ್ ಹಚ್ಚುತ್ತೇವೆ. ಹೋದ ಸಲ ರಾಯಚೂರಿನ ಹುಡುಗನ ಸರದಿ. ಅವರಪ್ಪ ಕೆಲಸ ಮಾಡುವ ಹತ್ತಿ ಜಿನ್ನಿಂಗ್ ಮಿಲ್ಲು, ಯಂತ್ರದ ಸದ್ದು ಪೂರ್ತಿ ಬಂದ್, ಬರೀ ವಿಲಂಬಿತ್. ಹತ್ತಿಕಾಳು ಕೆಳಗೆ ಉದುರುತ್ತದೆ, ಅರಳೆ ಗಾಳಿಯಲ್ಲಿ ಏಳುತ್ತದೆ, ಒಂದು ಶಾಟ್ ಪೂರ್ತಿ ಆವರ್ತನ ನಿಲ್ಲುತ್ತದೆ. ಅದೇ ಹಿರಿಯ ತಬಲಾ ವಾದಕರು ತೊಡೆ ಮೇಲೆ ತಾಳ ಹಾಕುತ್ತಾ ಕೂತಿದ್ದರು. ಮುಗಿದ ಮೇಲೆ ಹುಡುಗನನ್ನು ಹತ್ತಿರ ಕರೆದರು.

"ಎಂಟನೇ ಆವರ್ತನದಾಗ ಒಂದು ಮಾತ್ರಿ ಮುಂದ ಹೋಗೀಯಲ್ಲೋ ತಮ್ಮಾ."

ರಾತ್ರಿ ಟೈಮ್‌ಲೈನ್ ತೆಗೆದು ನೋಡಿದೆವು. 97 ಫ್ರೇಮ್ ಮುಂದಿತ್ತು.