ರೆಂಡರರ್‌ವರೆಗಿನ ತಂತಿಯಲ್ಲಿ ಏನು ಹರಿಯುತ್ತದೆ?

ಯಕ್ಷಗಾನದ ಹಿಮ್ಮೇಳವನ್ನು ಕೇಳುಗನ ಸುತ್ತಲೂ ಹರಡಿ ಮಿಕ್ಸ್ ಮಾಡಬೇಕೆಂದು ಹೊರಡುವ ಶಿರಸಿ, ಹೊನ್ನಾವರ ಕಡೆಯ ಸ್ಟುಡಿಯೋದವರು ಮೊದಲು ಕೇಳುವುದು ಯಾವ ರೆಂಡರರ್ (ಪ್ರತಿ ಧ್ವನಿಯನ್ನು ಅದರ ಸ್ಥಾನಕ್ಕೆ ತಕ್ಕಂತೆ ಸ್ಪೀಕರ್‌ಗಳಿಗೆ ಹಂಚುವ ಯಂತ್ರ ಅಥವಾ ಸಾಫ್ಟ್‌ವೇರ್) ಕೊಳ್ಳಬೇಕೆಂದು. ನನ್ನ ಅನುಭವದಲ್ಲಿ ತೊಂದರೆ ರೆಂಡರರ್‌ನಲ್ಲಿರುವುದು ಅಪರೂಪ. ಅದು ಹೆಚ್ಚಾಗಿ ಮಿಕ್ಸ್ ಮಾಡುವ ಕಂಪ್ಯೂಟರಾದ ವರ್ಕ್‌ಸ್ಟೇಷನ್‌ಗೂ ರೆಂಡರರ್‌ಗೂ ನಡುವಿನ ನೆಟ್‌ವರ್ಕ್‌ನಲ್ಲಿರುತ್ತದೆ.

ಆ ನೆಟ್‌ವರ್ಕ್‌ನಲ್ಲಿ ಹರಿಯುವುದು ಎರಡು: ಡಾಂಟೆ ಅಥವಾ ಎಇಎಸ್67 (ನೆಟ್‌ವರ್ಕ್ ಕೇಬಲ್‌ನಲ್ಲಿ ಧ್ವನಿ ಕಳಿಸುವ ಪದ್ಧತಿಗಳು) ಮೂಲಕ ಹೋಗುವ ಧ್ವನಿ, ಮತ್ತು ಪ್ರತಿ ಧ್ವನಿ ಎಲ್ಲಿಂದ ಕೇಳಿಸಬೇಕೆಂದು ಹೇಳುವ ಓಎಸ್‌ಸಿ ಸಂದೇಶ. 48 ಕಿಲೋಹರ್ಟ್ಸ್, 24 ಬಿಟ್‌ನ 64 ಚಾನೆಲ್‌ಗಳಿಗೆ ಧ್ವನಿಯೊಂದಕ್ಕೇ ಸೆಕೆಂಡಿಗೆ ಸುಮಾರು 74 ಮೆಗಾಬಿಟ್ ಬೇಕು. ಗಿಗಾಬಿಟ್ ಸ್ವಿಚ್‌ಗೆ ಇದು ಭಾರವೇನಲ್ಲ. ಆದರೆ ಗಿಗಾಬಿಟ್‌ಗೆ ಕೇಬಲ್‌ನ ಎಂಟೂ ಎಳೆಗಳು ಬೇಕಾಗುವುದರಿಂದ, ಕಾರವಾರದ ಉಪ್ಪುಗಾಳಿಗೆ ಒಂದು ಪಿನ್ ಕಿಲುಬು ಹಿಡಿದರೂ ಸಂಪರ್ಕ ಸದ್ದಿಲ್ಲದೆ 100 ಮೆಗಾಬಿಟ್‌ಗೆ ಇಳಿಯಬಹುದು, ಆಗ ಚಾನೆಲ್ ಹೆಚ್ಚಿದಂತೆ ಧ್ವನಿ ತುಂಡಾಗತೊಡಗುತ್ತದೆ. ಕರಾವಳಿಯಲ್ಲಿ ಕೆಲಸ ಮಾಡುವವರು ಸಾಫ್ಟ್‌ವೇರ್ ತಡಕಾಡುವ ಮೊದಲು ಸ್ವಿಚ್ ತೋರಿಸುವ ವೇಗವನ್ನು ನೋಡಿಕೊಳ್ಳುವುದು ಒಳ್ಳೆಯದು. ವೈಫೈ ಮೇಲೆ ಡಾಂಟೆ ಓಡಿಸುವ ಯೋಚನೆಯನ್ನಂತೂ ಬಿಟ್ಟುಬಿಡಬೇಕು.

ಹೆಚ್ಚು ಕಾಡುವುದು ಸ್ಥಾನದ ಸಂದೇಶ. ಓಎಸ್‌ಸಿ ಸಾಮಾನ್ಯವಾಗಿ ಯುಡಿಪಿ ಎಂಬ ರವಾನೆ ಪದ್ಧತಿಯ ಮೇಲೆ ಹೋಗುತ್ತದೆ. ಯುಡಿಪಿಯಲ್ಲಿ ತಲುಪಿತೆಂಬ ಉತ್ತರ ಬರುವುದಿಲ್ಲ, ತಲುಪದಿದ್ದರೆ ದೂರೂ ಬರುವುದಿಲ್ಲ. ಒಂದೇ ಕಂಪ್ಯೂಟರ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ಯೋಜನೆಯನ್ನು ಎರಡು ಕಂಪ್ಯೂಟರ್‌ಗಳಿಗೆ ಹಂಚಿದಾಗ, ಸ್ಥಾನದ ಸಂದೇಶ ಕಳಿಸುವ ಪ್ಲಗಿನ್‌ನಲ್ಲಿ 127.0.0.1 (ಅಂದರೆ 'ಇದೇ ಕಂಪ್ಯೂಟರ್') ಎಂಬ ವಿಳಾಸ ಹಾಗೆಯೇ ಉಳಿದರೆ ವರ್ಕ್‌ಸ್ಟೇಷನ್ ತನಗೆ ತಾನೇ ಸಂದೇಶ ಕಳಿಸಿಕೊಳ್ಳುತ್ತಿರುತ್ತದೆ: ಪರದೆಯ ಮೇಲೆ ಚುಕ್ಕಿ ಚಲಿಸುತ್ತದೆ, ಸ್ಪೀಕರ್‌ಗಳಲ್ಲಿ ಚಂಡೆ ಕದಲುವುದಿಲ್ಲ. ವಿಳಾಸ ಸರಿಯಿದ್ದರೆ ಮುಂದೆ ನೋಡಬೇಕಾದದ್ದು ಸಂದೇಶ ಒಳಬರುವ ಬಾಗಿಲಿನಂತಿರುವ ಪೋರ್ಟ್ ಸಂಖ್ಯೆ, ಆಮೇಲೆ ಅದನ್ನು ತಡೆಯಬಲ್ಲ ಫೈರ್‌ವಾಲ್. ಎರಡೂ ಯಂತ್ರಗಳಿಗೆ ಸ್ಥಿರ ಐಪಿ ವಿಳಾಸ ಕೊಟ್ಟರೆ ರೌಟರ್ ಮರಳಿ ಆರಂಭವಾದಾಗ ಈ ತಲೆನೋವು ಮರುಕಳಿಸುವುದಿಲ್ಲ.

ಸಂದೇಶ ತಲುಪಿದ ಮೇಲೂ ಅರ್ಥ ಬೇರೆಯಾಗಬಹುದು. ಧ್ವನಿಯ ಸ್ಥಾನವನ್ನು ಓಎಸ್‌ಸಿಯಲ್ಲಿ ಬರೆಯುವ ಎಡಿಎಂ-ಓಎಸ್‌ಸಿ ಪದ್ಧತಿಯಲ್ಲಿ ನೇರ ಮುಂದಿನ ದಿಕ್ಕು ಸೊನ್ನೆ, ಎಡಕ್ಕೆ ಧನ ಕೋನ. ಅಂದರೆ +30 ಡಿಗ್ರಿ ಎಂದರೆ ಕೇಳುಗನ ಎಡಗಡೆ. ಬಲಕ್ಕೆ ಧನ ಎಂದು ಎಣಿಸುವ ಉಪಕರಣಕ್ಕೆ ಇದೇ ಅಂಕಿ ಹೋದರೆ ಇಡೀ ಮೇಳ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ, ನೇರ ಎದುರಿಗಿರುವ ಭಾಗವತರೊಬ್ಬರು ಮಾತ್ರ ಸ್ವಸ್ಥಾನದಲ್ಲಿರುವುದರಿಂದ ತಪ್ಪು ಬೇಗ ತಿಳಿಯುವುದೂ ಇಲ್ಲ. ಹೀಗಾಗಿ ಒಂದೇ ಆಬ್ಜೆಕ್ಟನ್ನು (ತನ್ನದೇ ಸ್ಥಾನವಿರುವ ಒಂದು ಧ್ವನಿಯನ್ನು) ಪೂರ್ತಿ ಎಡಕ್ಕೆ ಒಯ್ದು, ಕಿವಿಯಿಂದ ಖಚಿತಪಡಿಸಿಕೊಂಡ ಬಳಿಕವೇ ಉಳಿದವನ್ನು ಜೋಡಿಸುವುದು ನನ್ನ ಕ್ರಮ.

ಇನ್ನು ಗಡಿಯಾರ, ಅಂದರೆ ಪ್ರತಿ ಯಂತ್ರವೂ ಧ್ವನಿಯ ಸ್ಯಾಂಪಲ್‌ಗಳನ್ನು (ಸೆಕೆಂಡಿಗೆ 48,000 ಬಾರಿ ತೆಗೆದ ಅಳತೆಗಳನ್ನು) ಎಣಿಸುವ ಲಯ. ಎರಡು ಯಂತ್ರಗಳ ಗಡಿಯಾರದ ವೇಗದಲ್ಲಿ ಹತ್ತು ಲಕ್ಷಕ್ಕೆ 10ರಷ್ಟು ವ್ಯತ್ಯಾಸವಿದ್ದರೂ 48 ಕಿಲೋಹರ್ಟ್ಸ್‌ನಲ್ಲಿ ಸುಮಾರು ಎರಡು ಸೆಕೆಂಡಿಗೆ ಒಂದು ಸ್ಯಾಂಪಲ್ ಹಿಂದುಮುಂದಾಗುತ್ತದೆ, ಧ್ವನಿಯನ್ನು ತುಸು ಹೊತ್ತು ಹಿಡಿದಿಡುವ ಬಫರ್ ಮುಗಿದಾಗಲೆಲ್ಲ 'ಟಿಕ್' ಎನ್ನುತ್ತದೆ. ನೆಟ್‌ವರ್ಕ್‌ನಲ್ಲಿ ಎಲ್ಲರೂ ಅನುಸರಿಸುವ ಗಡಿಯಾರ ಒಂದೇ ಇರಬೇಕು, ಸಾಧ್ಯವಾದರೆ ಅದು ಹಾರ್ಡ್‌ವೇರ್ ಉಪಕರಣದ್ದಾಗಿರಲಿ.

ಮಳೆಗಾಲದಲ್ಲಿ ಕಣ್ಣು ಮಿಟುಕಿಸುವಷ್ಟು ಕರೆಂಟ್ ಹೋದರೂ ಸ್ವಿಚ್ ಮೊದಲಿನಿಂದ ಆರಂಭವಾಗುತ್ತದೆ, ಉಪಕರಣಗಳು ಮತ್ತೆ ಗಡಿಯಾರ ಹೊಂದಿಸಿಕೊಳ್ಳುವವರೆಗೆ ಧ್ವನಿ ಇರುವುದಿಲ್ಲ. ಕಂಪ್ಯೂಟರಿಗೆ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ಗೋಡೆಯ ಸಾಕೆಟ್‌ಗೆ ಬಿಟ್ಟಿರುವವರು ಅದನ್ನೂ ಯುಪಿಎಸ್‌ಗೆ ಸೇರಿಸಿಕೊಳ್ಳಬೇಕು.