ಪದ ಪರಿಚಯ: ಅತಿನಿಯಮೀಕರಣ

ಅಂಗಳದಲ್ಲಿ ಆಡುತ್ತಿದ್ದ ನಮ್ಮ ಮನೆಯ ಮೂರು ವರ್ಷದ ಮಗು ಮಂಡಿ ತರಚಿಕೊಂಡು ಒಳಗೆ ಓಡಿ ಬಂದು, "ಅಮ್ಮಾ, ನಾನು ಬೀಳಿದೆ" ಎಂದು ಅಳತೊಡಗಿತು. ವರ್ಷದ ಹಿಂದೆ ಇದೇ ಮಗು ಗೊಂಬೆ ಕೈಜಾರಿದಾಗಲೆಲ್ಲ "ಬಿತ್ತು" ಎಂದು ಸರಿಯಾಗಿಯೇ ಹೇಳುತ್ತಿತ್ತು. ಹಾಗಾದರೆ ಮಗು ಕಲಿತದ್ದನ್ನು ಮರೆಯಿತೇ?

ಮರೆತಿಲ್ಲ, ಹೊಸದೊಂದನ್ನು ಕಲಿತಿದೆ. ಭಾಷೆಯ ಸಾಮಾನ್ಯ ನಿಯಮವೊಂದನ್ನು ಕಂಡುಕೊಂಡ ಮಗು, ಅದಕ್ಕೆ ಒಳಪಡದ ಪದಗಳಿಗೂ ಅದನ್ನೇ ಹಚ್ಚುವುದನ್ನು ಭಾಷಾ ಮನೋವಿಜ್ಞಾನದಲ್ಲಿ ಓವರ್‌ರೆಗ್ಯುಲರೈಸೇಷನ್ ಎನ್ನುತ್ತಾರೆ; ಕನ್ನಡದಲ್ಲಿ ಅತಿನಿಯಮೀಕರಣ ಎನ್ನಬಹುದು. ಹೇಳು, ಕೇಳು, ಆಳು, ಬಾಳು, ತಾಳು ಎಂಬ ಧಾತುಗಳು ಭೂತಕಾಲದಲ್ಲಿ ಹೇಳಿದೆ, ಕೇಳಿದೆ, ಆಳಿದೆ, ಬಾಳಿದೆ, ತಾಳಿದೆ ಎಂದಾಗುತ್ತವೆ. ಆದರೆ ಅದೇ ಪ್ರಾಸದ ಏಳು, ಬೀಳು ಎಂಬವು ಎದ್ದೆ, ಬಿದ್ದೆ ಎಂದು ದಾರಿ ಬದಲಿಸುತ್ತವೆ. ನೋಡು, ಹಾಡು, ಓಡು ಒಂದು ಬಗೆಯಾದರೆ ಕೊಡು, ಇಡು, ಬಿಡು ಇನ್ನೊಂದು ಬಗೆ. "ಬೀಳಿದೆ" ಎಂಬ ರೂಪವನ್ನು ದೊಡ್ಡವರು ಯಾರೂ ಆಡುವುದಿಲ್ಲವಾದ್ದರಿಂದ ಮಗು ಅದನ್ನು ಕೇಳಿ ಕಲಿತಿರುವುದು ಸಾಧ್ಯವಿಲ್ಲ. ಅದು ಮಗು ತಾನೇ ಕಟ್ಟಿದ ಪದ, ಮತ್ತು ಮಾತು ಕಲಿಯುವುದು ಬರಿಯ ಅನುಕರಣೆಯಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆಯನ್ನು ನಾನು ಕಾಣೆ.

ಇದನ್ನು ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಭಾಷಾ ಮನೋವಿಜ್ಞಾನಿ ಜೀನ್ ಬರ್ಕೊ. 1958ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಹಕ್ಕಿಯಂಥ ಒಂದು ಕಲ್ಪಿತ ಪ್ರಾಣಿಯ ಚಿತ್ರ ತೋರಿಸಿ ಅದನ್ನು "ವಗ್" ಎಂದು ಕರೆದು, ಎರಡಿದ್ದರೆ ಏನೆನ್ನಬೇಕೆಂದು ಕೇಳಿದಾಗ, ಆ ಪದವನ್ನು ಹಿಂದೆಂದೂ ಕೇಳಿರದ ಮಕ್ಕಳು "ವಗ್ಸ್" ಎಂದರು. ಮುಂದೆ 1992ರಲ್ಲಿ ಮನೋವಿಜ್ಞಾನಿಗಳಾದ ಗ್ಯಾರಿ ಮಾರ್ಕಸ್, ಸ್ಟೀವನ್ ಪಿಂಕರ್ ಮತ್ತು ಸಂಗಡಿಗರು ಇಂಗ್ಲಿಷ್ ಕಲಿಯುವ 83 ಮಕ್ಕಳ ಮಾತನ್ನು ಪರಿಶೀಲಿಸಿ, "ಬೀಳಿದೆ"ಯಂಥ ಭೂತಕಾಲದ ತಪ್ಪುಗಳ ಮಧ್ಯಮ ಪ್ರಮಾಣ ಕೇವಲ ಶೇ 2.5ರಷ್ಟು ಎಂದು ಕಂಡರು. ಮಕ್ಕಳು ಬಹುಪಾಲು ಸರಿಯಾಗಿಯೇ ಆಡುತ್ತಾರೆ; ನೆನಪಿನಲ್ಲಿರುವ ರೂಪ ಆ ಕ್ಷಣಕ್ಕೆ ಒದಗಿ ಬಾರದಿದ್ದಾಗ ನಿಯಮ ಆ ಜಾಗವನ್ನು ತುಂಬುತ್ತದೆ ಎಂಬುದು ಅವರ ವಿವರಣೆ. ನಿಯಮ ಎಂಬುದೇ ಇಲ್ಲದೆ, ಕೇಳಿದ ಪದಗಳ ಹೋಲಿಕೆಯಿಂದಲೇ ಇದು ಸಾಧ್ಯ ಎನ್ನುವವರೂ ಇದ್ದಾರೆ. ಆ ವಾದ ಇನ್ನೂ ಮುಗಿದಿಲ್ಲ.

ಮನೆಯವರು ಮಾಡಬೇಕಾದದ್ದು ಅತಿ ಕಡಿಮೆ. "ಬೀಳಿದೆ" ಎಂದದ್ದಕ್ಕೆ ಮಗುವನ್ನು ಗದರಬಾರದು, ನಾಲ್ಕು ಜನರೆದುರು ಅದನ್ನೇ ಮತ್ತೆ ಹೇಳಿಸಿ ನಗಲೂಬಾರದು. "ಅಯ್ಯೋ, ಬಿದ್ದೆಯಾ ಕಂದಾ? ಎಲ್ಲಿ ಬಿದ್ದೆ?" ಎಂದು ಮಾತು ಮುಂದುವರಿಸಿದರೆ ಸರಿಯಾದ ರೂಪ ಎರಡು ಸಲ ಕಿವಿಗೆ ಬಿದ್ದಂತಾಯಿತು. ನಿಯಮ ಮೀರುವ ಬರು, ಹೋಗು, ಕೊಡು, ತಿನ್ನು, ಏಳು, ಬೀಳು ಇವೆಲ್ಲ ದಿನವೂ ಬಳಕೆಯಾಗುವ ಮಾತುಗಳೇ ಆದ್ದರಿಂದ, ಅವುಗಳ ಸರಿಯಾದ ರೂಪಗಳು ಮಗುವಿನ ನೆನಪಿನಲ್ಲಿ ಬೇರೂರಲು ಪ್ರತ್ಯೇಕ ಪಾಠ ಬೇಕಾಗುವುದಿಲ್ಲ.