ಕೋಡ್ ಓದಿದ ಮೇಲೂ ಪಾರ್ಟ್ ಕೊಳ್ಳಲು ಅವಸರ ಬೇಡ

"ಡ್ಯಾಶ್‌ಬೋರ್ಡಿನ ದೀಪ ಒಂದು ಆರಿಸಿಕೊಡಿ ಸಾರ್, ಗಾಡಿ ಚೆನ್ನಾಗೇ ಓಡ್ತಿದೆ" ಅಂತ ಗ್ಯಾರೇಜಿಗೆ ಬರುವವರು ತುಂಬಾ ಜನ. ಹತ್ತು ಹನ್ನೆರಡು ವರ್ಷ ಹಳೆಯ ವ್ಯಾಗನ್‌ಆರ್, ಐ10, ಸ್ವಿಫ್ಟ್, ಹೋಂಡಾ ಸಿಟಿ. ಮನೆಮಂದಿಯೆಲ್ಲ ಕೂತು ಊರಿಗೆ ಹೋಗಿಬರುವ ಗಾಡಿಗಳು. ಸಾಲ ತೀರಿ ವರ್ಷಗಳಾಗಿವೆ, ಮಾರೋಕೆ ಮನಸ್ಸಿಲ್ಲ. ದೀಪ ಆರಿಸುವುದು ಸ್ಕ್ಯಾನರಿನಲ್ಲಿ ಒಂದು ಗುಂಡಿ ಒತ್ತುವಷ್ಟೇ ಕೆಲಸ. ಆದರೆ ಅದನ್ನು ಒತ್ತಿದ ಕೂಡಲೇ ದೋಷ ಎಲ್ಲಿದೆ ಅಂತ ಎಂಜಿನ್ ಕಂಪ್ಯೂಟರ್ ಬರೆದಿಟ್ಟುಕೊಂಡ ಕೋಡೂ ಹೋಗುತ್ತದೆ, ದೀಪ ಹೊತ್ತಿಕೊಂಡಾಗ ಗಾಡಿ ಎಷ್ಟು ಸ್ಪೀಡಿನಲ್ಲಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು ಅನ್ನುವ ವಿವರವೂ ಅಳಿಸಿಹೋಗುತ್ತದೆ. ಬ್ಯಾಟರಿ ವೈರ್ ಬಿಚ್ಚಿ ಹಾಕಿದರೂ ಬಹುತೇಕ ಇದೇ ಗತಿ. ಹಾಗಾಗಿ ಕೋಡ್ ಬರೆದಿಟ್ಟುಕೊಳ್ಳದೆ ಯಾರಿಗೂ ಅಳಿಸಲು ಬಿಡಬೇಡಿ, ನೀವೂ ಅಳಿಸಬೇಡಿ.

ಎಲ್ಲಕ್ಕಿಂತ ಮೊದಲು ಬಣ್ಣ ನೋಡಿ. ಮಿನುಗದೆ ಉರಿಯುವ ಹಳದಿ ದೀಪಕ್ಕೆ ಸಮಯ ಇದೆ. ಕೆಂಪು ದೀಪಕ್ಕೆ ಇಲ್ಲ.

ಕೆಂಪು ಆಯಿಲ್ ಕ್ಯಾನ್ ಗುರುತು ಓಡುವಾಗ ಹೊತ್ತಿಕೊಂಡರೆ ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ. ಮನೆ ಇನ್ನು ಒಂದೇ ಕಿಲೋಮೀಟರ್ ಇದೆ ಅಂತ ಓಡಿಸಬೇಡಿ. ಆ ದೀಪ ಹೇಳುವುದು ಆಯಿಲ್ ಪ್ರೆಷರ್ ಬಿದ್ದಿದೆ ಅಂತ, ಬರೀ ಲೆವೆಲ್ ಕಡಿಮೆಯಾಗಿದೆ ಅಂತ ಅಲ್ಲ. ಸಮತಟ್ಟಾದ ಜಾಗದಲ್ಲಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿ. ಲೆವೆಲ್ ಸರಿಯಿದ್ದೂ ದೀಪ ಆರದಿದ್ದರೆ ಗಾಡಿ ಟೋ ಆಗಿಯೇ ಹೋಗಲಿ. ಹಳೆ ಗಾಡಿಯಲ್ಲಿ ಪ್ರೆಷರ್ ಸ್ವಿಚ್ಚೇ ಕೆಟ್ಟು ಸುಳ್ಳು ಹೇಳುವುದೂ ಉಂಟು, ಅದರ ಕಪ್ಲರ್, ಅಂದರೆ ವೈರ್ ಸಿಕ್ಕಿಸುವ ಪ್ಲಗ್, ಒಳಗೆ ಆಯಿಲ್ ಜಿನುಗಿರುತ್ತದೆ. ಆದರೆ ಸ್ವಿಚ್ ತೆಗೆದು ಆ ಜಾಗಕ್ಕೆ ಗೇಜ್ ಹಾಕಿ ಪ್ರೆಷರ್ ಅಳೆಯದೆ ಅದು ಸುಳ್ಳು ಅಂತ ತೀರ್ಮಾನಿಸಬಾರದು.

ಟೆಂಪರೇಚರ್ ದೀಪದ ಕಥೆ ಬೆಂಗಳೂರಿನಲ್ಲಿ ಬೇರೆಯೇ. ಹೈವೇಯಲ್ಲಿ ಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ. ಸಿಲ್ಕ್ ಬೋರ್ಡಿನಲ್ಲೋ ಹೆಬ್ಬಾಳದಲ್ಲೋ ಅರ್ಧ ಗಂಟೆ ನಿಂತರೆ ಪೂರ್ತಿ ಭಾರ ಫ್ಯಾನಿನ ಮೇಲೆ. ಆದ್ದರಿಂದ ತುಮಕೂರಿಗೆ ಹೋಗಿಬಂದರೂ ಬಿಸಿಯಾಗದ ಗಾಡಿ ಟ್ರಾಫಿಕ್ಕಿನಲ್ಲಿ ಮಾತ್ರ ಬಿಸಿಯಾದರೆ ನಾನು ಮೊದಲು ಫ್ಯಾನ್ ನೋಡುತ್ತೇನೆ. ಇದನ್ನು ಮನೆಯಲ್ಲೇ ನೋಡಬಹುದು: ಬಾನೆಟ್ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿ, ಎಸಿ ಹಾಕಿ. ಬಹುತೇಕ ಗಾಡಿಗಳಲ್ಲಿ ಫ್ಯಾನ್ ತಿರುಗಲೇಬೇಕು. ಕೈ ಮಾತ್ರ ದೂರ ಇರಲಿ. ತಿರುಗದಿದ್ದರೆ ಫ್ಯೂಸ್ ನೋಡಿ, ಆಮೇಲೆ ಅದೇ ನಂಬರಿನ ಇನ್ನೊಂದು ರಿಲೇ, ಉದಾಹರಣೆಗೆ ಹಾರ್ನಿನದು ಹೊಂದಿಕೆಯಾದರೆ ಅದನ್ನು, ಹಾಕಿ ನೋಡಿ. ಆಗಲೂ ತಿರುಗದಿದ್ದರೆ ವೈರಿಂಗು ಅಥವಾ ಮೋಟರ್. ರಸ್ತೆ ಮಧ್ಯೆ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ ಹೀಟರ್ ಫುಲ್ ಇಡಿ. ಸೆಕೆ ತಡೆಯಲಾಗುವುದಿಲ್ಲ, ಆದರೆ ಪಕ್ಕಕ್ಕೆ ನಿಲ್ಲಿಸುವವರೆಗೆ ಎಂಜಿನಿನ ಬಿಸಿ ಸ್ವಲ್ಪ ಒಳಗೆ ಬರುತ್ತದೆ. ಬಿಸಿ ಎಂಜಿನಿನ ರೇಡಿಯೇಟರ್ ಕ್ಯಾಪ್ ಯಾವ ಕಾರಣಕ್ಕೂ ತೆಗೆಯಬೇಡಿ. ಇನ್ನೊಂದು ಮಾತು, ಕೂಲಂಟ್ ಕಡಿಮೆಯಾಯಿತು ಅಂತ ಮನೆಯ ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಗಡಸು ನೀರು ಗೀಸರಿನ ಕಾಯಿಲಿಗೆ ಏನು ಮಾಡುತ್ತದೆ ಅಂತ ನಿಮಗೆ ಗೊತ್ತಿದೆ, ರೇಡಿಯೇಟರ್ ಒಳಗೂ ಅದೇ ಬಿಳಿ ಪದರ ಕೂರುತ್ತದೆ.

ಬ್ರೇಕ್ ದೀಪ ಉರಿದಾಗ ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದ್ದರೆ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಪ್ಯಾಡ್ ಸವೆದಷ್ಟೂ ಆಯಿಲ್ ಕೆಳಗಿಳಿಯುತ್ತದೆ, ಹಾಗಾಗಿ ಕಡಿಮೆಯಾಗಿದ್ದರೆ ಒಂದೋ ಪ್ಯಾಡ್ ಮುಗಿದಿದೆ ಇಲ್ಲವೇ ಎಲ್ಲೋ ಸೋರುತ್ತಿದೆ. ಸುಮ್ನೆ ತುಂಬಿಸಿದರೆ ದೀಪ ಆರುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಪೆಡಲ್ ಮೆತ್ತಗಾಗಿದ್ದರೆ ಓಡಿಸಲೇಬೇಡಿ.

ಇನ್ನು ಹಳದಿ ಚೆಕ್ ಎಂಜಿನ್. ಇದು ಮಿನುಗುತ್ತಿದ್ದರೆ ಎಂಜಿನ್ ಮಿಸ್ಸಿಂಗ್ ಆಗುತ್ತಿದೆ, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲು ಸೈಲೆನ್ಸರಿಗೆ ಹೋಗಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ನಿಧಾನ ಮಾಡಿ, ಬೇಗ ನಿಲ್ಲಿಸಿ. ಸುಮ್ಮನೆ ಉರಿಯುತ್ತಿದ್ದರೆ, ಗಾಡಿ ಓಡಿಸುವಾಗ ಬೇರೇನೂ ವ್ಯತ್ಯಾಸ ಕಾಣದಿದ್ದರೆ, ಮನೆಗೆ ಬಂದು ಕೋಡ್ ಓದಬಹುದು.

ಬೆಂಗಳೂರಿಗೆ ಗಾಡಿ ಹೊಗೆಯ ಬಿಎಸ್4 ನಿಯಮ ಬಂದಿದ್ದು 2010ರ ಏಪ್ರಿಲ್‌ನಲ್ಲಿ, ಅದರ ಜತೆಗೇ ಒಬಿಡಿ ಬಂತು, ಅಂದರೆ ಗಾಡಿ ತನ್ನ ದೋಷವನ್ನು ತಾನೇ ಪತ್ತೆ ಮಾಡಿ ಕೋಡ್ ಬರೆದಿಡುವ ವ್ಯವಸ್ಥೆ. ಒಬಿಡಿಯ ಎರಡನೇ ಹಂತ 2013ರ ಏಪ್ರಿಲ್‌ನಿಂದ. ಅದರ ನಂತರದ ಗಾಡಿಯಾದರೆ ಸ್ಟೇರಿಂಗ್ ಕೆಳಗೆ ಕೈ ಹಾಕಿದರೆ 16 ಪಿನ್ನಿನ ಸಾಕೆಟ್ ಸಿಗುತ್ತದೆ. ಎಸ್‌ಪಿ ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರು, ಫೋನಿನಲ್ಲಿ ಒಂದು ಆ್ಯಪು, ಇಷ್ಟು ಸಾಕು. 2013ಕ್ಕಿಂತ ಹಳೆಯ ಕೆಲವು ಗಾಡಿಗಳಲ್ಲಿ ಸಾಕೆಟ್ ಇದ್ದರೂ ಈ ಅಗ್ಗದ ಅಡಾಪ್ಟರಿಗೆ ಕನೆಕ್ಟ್ ಆಗುವುದಿಲ್ಲ, ಅದಕ್ಕೆ ಗ್ಯಾರೇಜಿನ ಸ್ಕ್ಯಾನರೇ ಬೇಕು. ಎಸ್‌ಪಿ ರೋಡಿಗೆ ಹೋದಾಗ ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರನ್ನೂ ತನ್ನಿ. ಅದರ ಕೆಲಸ ಸ್ಕ್ಯಾನರಿಗಿಂತ ಜಾಸ್ತಿ.

ಈಗ ಮುಖ್ಯ ಮಾತು. ಕೋಡು ಯಾವ ಕ್ರಾಸು ಅಂತ ಹೇಳುತ್ತದೆ, ಮನೆ ನಂಬರ್ ಹೇಳುವುದಿಲ್ಲ. ಪಿ0135 ಅಂದರೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷ. ಸರ್ಕ್ಯೂಟ್ ಅಂದರೆ ಸೆನ್ಸರ್ ಮಾತ್ರವಲ್ಲ, ಅದರ ಫ್ಯೂಸು, ವೈರು, ಕಪ್ಲರು ಎಲ್ಲ ಸೇರಿ. ಆದರೆ ಜನ ಆ ನಂಬರನ್ನು ಫೋನಿನಲ್ಲಿ ಹುಡುಕಿ, ನೇರ ಜೆಸಿ ರೋಡಿಗೆ ಹೋಗಿ ಸೆನ್ಸರ್ ತಂದು ಹಾಕುತ್ತಾರೆ. ವಾರ ಕಳೆದು ಅದೇ ದೀಪ. ಬಿಚ್ಚಿ ನೋಡಿದರೆ ವೈರನ್ನು ಇಲಿ ಕಚ್ಚಿರುತ್ತದೆ.

ಇಲಿಯ ವಿಷಯ ಉತ್ಪ್ರೇಕ್ಷೆ ಅಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲುವ ಗಾಡಿ ದೀಪ ಹಚ್ಚಿಕೊಂಡು ಬಂದರೆ ನಾನು ಸ್ಕ್ಯಾನರಿಗಿಂತ ಮೊದಲು ಟಾರ್ಚ್ ಹಿಡಿಯುತ್ತೇನೆ. ಬ್ಯಾಟರಿ ಟ್ರೇ ಹತ್ತಿರ, ಎಂಜಿನಿನ ಹಿಂಭಾಗದಲ್ಲಿ ಹಿಕ್ಕೆ, ಹರಿದ ಸ್ಪಂಜು, ತಾಮ್ರ ಕಾಣುವ ವೈರು. ಕಚ್ಚಿದ ವೈರನ್ನು ತಿರುಚಿ ಟೇಪು ಸುತ್ತುವುದು ರಿಪೇರಿ ಅಲ್ಲ, ಬಾನೆಟ್ ಬಿಸಿಗೆ ಆ ಟೇಪು ಬಿಟ್ಟುಕೊಳ್ಳುತ್ತದೆ. ಬೆಸುಗೆ ಹಾಕಿ, ಬಿಸಿ ಮಾಡಿದರೆ ಬಿಗಿಯಾಗುವ ಶ್ರಿಂಕ್ ಸ್ಲೀವ್ ಹಾಕಿ. ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿನಲ್ಲಿ ಹಾದುಬಂದ ಗಾಡಿಯದಾದರೆ ಕೆಳಭಾಗದ ಕಪ್ಲರುಗಳನ್ನು ಬಿಚ್ಚಿ ಪಿನ್ನಿನ ಮೇಲೆ ಹಸಿರು ಪಾಚಿಯ ಹಾಗೆ ಏನಾದರೂ ಕಟ್ಟಿದೆಯಾ ನೋಡಿ.

ಪಿ0301 ಬಂದರೆ, ಅಂದರೆ ಮೊದಲನೇ ಸಿಲಿಂಡರ್ ಮಿಸ್ಸಿಂಗ್, ದುಡ್ಡಿಲ್ಲದೆ ಮಾಡುವ ಪರೀಕ್ಷೆ ಒಂದಿದೆ. ಪ್ರತಿ ಪ್ಲಗ್ಗಿಗೂ ಕಿಡಿ ಕೊಡುವ ಬೇರೆ ಬೇರೆ ಕಾಯಿಲ್ ಇರುವ ಗಾಡಿಯಲ್ಲಿ, ಎಂಜಿನ್ ತಣ್ಣಗಿರುವಾಗ ಒಂದನೇ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದನ್ನು ಒಂದಕ್ಕೂ ಬದಲಿಸಿ. ಕೋಡನ್ನು ಬರೆದುಕೊಂಡು ಅಳಿಸಿ, ಒಂದು ಸುತ್ತು ಓಡಿಸಿ. ಈಗ ಪಿ0302 ಬಂದರೆ ತಪ್ಪು ಕಾಯಿಲಿನದು. ಮತ್ತೆ ಪಿ0301 ಬಂದರೆ ಕಾಯಿಲ್ ಸರಿಯಿದೆ, ಪ್ಲಗ್ ಬದಲಿಸಿ ನೋಡಿ. ಅದಕ್ಕೂ ಜಗ್ಗದಿದ್ದರೆ ಇಂಜೆಕ್ಟರ್, ಕಂಪ್ರೆಷನ್. ಆಗ ಗ್ಯಾರೇಜಿಗೆ ಬನ್ನಿ, ಆದರೆ ಏನೇನು ಮಾಡಿ ನೋಡಿದಿರಿ ಅಂತ ಹೇಳಿ. ಅರ್ಧ ದಿನದ ಲೇಬರ್ ಉಳಿಯುತ್ತದೆ.

ಪಿ0171 ಸ್ವಲ್ಪ ತಲೆ ತಿನ್ನುವ ಕೋಡು. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅರ್ಥ. ಆ್ಯಪಿನಲ್ಲಿ ಫ್ಯೂಯಲ್ ಟ್ರಿಮ್ ಅಂತ ಎರಡು ಅಂಕಿ ಕಾಣುತ್ತವೆ, ಕಂಪ್ಯೂಟರ್ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವುದು. ಎರಡನ್ನೂ ಕೂಡಿಸಿ. ಹತ್ತರೊಳಗೆ ಇದ್ದರೆ ಚಿಂತೆ ಇಲ್ಲ. ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಇಪ್ಪತ್ತು ಇಪ್ಪತ್ತೈದು ತೋರಿಸಿ, ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂಗೆ ತಂದಾಗ ಇಳಿದರೆ ಎಲ್ಲೋ ವ್ಯಾಕ್ಯೂಮ್ ಪೈಪ್ ಸೀಳಿದೆ, ಕಿವಿಗೊಟ್ಟರೆ ಉಸ್ ಅನ್ನುವ ಸದ್ದೂ ಕೇಳಿಸಬಹುದು. ಐಡಲಿನಲ್ಲಿ ಸರಿಯಿದ್ದು ಜೋರಾಗಿ ಓಡಿಸುವಾಗ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ, ಪಂಪೋ ಫಿಲ್ಟರೋ ಸುಸ್ತಾಗಿದೆ. ಈ ಒಂದು ವ್ಯತ್ಯಾಸ ತಿಳಿದರೆ ಅರ್ಧ ರಿಪೇರಿ ಆದಂತೆ. ಈಗ ಬಂಕಿನಲ್ಲಿ ಸಿಗುವ ಎಥನಾಲ್ ಸೇರಿದ ಪೆಟ್ರೋಲಿನಲ್ಲಿ ಆಮ್ಲಜನಕವೂ ಇರುವುದರಿಂದ ಟ್ರಿಮ್ ಸ್ವಲ್ಪ ಮೇಲೇ ಇರುತ್ತದೆ. ಮೊದಲೇ ಪೈಪ್ ಸೀಳಿದ ಹಳೆ ಗಾಡಿಗೆ ದೀಪ ಹೊತ್ತಿಕೊಳ್ಳಲು ಅಷ್ಟು ಸಾಕು.

ಜೇಬಿಗೆ ಕತ್ತರಿ ಹಾಕುವ ಕೋಡ್ ಅಂದರೆ ಪಿ0420. ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಒಳಗೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಇರುವ ವಸ್ತು, ಹೊಸದು ಹತ್ತಾರು ಸಾವಿರ. ವಿಜಯನಗರದ ನಿವೃತ್ತ ಮೇಷ್ಟ್ರೊಬ್ಬರಿಗೆ ಬೇರೆ ಕಡೆ ಅದನ್ನೇ ಬದಲಿಸಬೇಕು ಅಂತ ಹೇಳಿ ಎಸ್ಟಿಮೇಟ್ ಬರೆದುಕೊಟ್ಟಿದ್ದರು. ಪೆನ್ಶನ್ ಹಣ. ನೋಡಿದರೆ ಸೈಲೆನ್ಸರ್ ಜಾಯಿಂಟಿನ ಗ್ಯಾಸ್ಕೆಟ್ ಒಡೆದು ಹೊರಗಿನ ಗಾಳಿ ಒಳಸೇರಿ ಕನ್ವರ್ಟರಿನ ಹಿಂದಿನ ಆಕ್ಸಿಜನ್ ಸೆನ್ಸರಿಗೆ ತಪ್ಪು ಲೆಕ್ಕ ಕೊಡುತ್ತಿತ್ತು. ಗ್ಯಾಸ್ಕೆಟ್ ಹಾಕಿದ ಮೇಲೆ ದೀಪ ಬರಲಿಲ್ಲ. ಇಂಥದ್ದು ನೋಡಿದಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ, ಯಾಕೆಂದರೆ ಪರೀಕ್ಷೆ ಕಷ್ಟದ್ದಲ್ಲ. ಎಂಜಿನ್ ಬಿಸಿಯಾದ ಮೇಲೆ ಆರ್‌ಪಿಎಂ ಒಂದೇ ಸಮ ಇಟ್ಟು ಆ್ಯಪಿನಲ್ಲಿ ಎರಡು ಆಕ್ಸಿಜನ್ ಸೆನ್ಸರುಗಳ ವೋಲ್ಟೇಜ್ ನೋಡಿ. ಹಳೆ ಪೆಟ್ರೋಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಮುಂದಿನದು 0.1ರಿಂದ 0.9ರವರೆಗೆ ಏರಿಳಿಯುತ್ತಿರಬೇಕು, ಹಿಂದಿನದು ಹೆಚ್ಚುಕಡಿಮೆ 0.6, 0.7ರಲ್ಲಿ ನಿಂತಿರಬೇಕು. ಲೀಕ್ ಇಲ್ಲದೆಯೂ ಹಿಂದಿನದು ಮುಂದಿನದರ ಹಾಗೇ ಕುಣಿದರೆ ಆಗ ಕನ್ವರ್ಟರ್ ಬಗ್ಗೆ ಮಾತಾಡೋಣ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿದರೆ ದೀಪ ಆರುತ್ತದೆ ಅಂತ ವಿಡಿಯೋ ನೋಡಿ ಬರುವವರೂ ಇದ್ದಾರೆ. ಅದು ಅಮೆರಿಕದ ನಿಯಮದ ಗಾಡಿಗಳ ಮಾತು, ಅಲ್ಲಿ ಟ್ಯಾಂಕಿನಿಂದ ಆವಿ ಸೋರುವುದನ್ನೂ ಕಂಪ್ಯೂಟರ್ ಪತ್ತೆ ಮಾಡಬೇಕು. ನಾವು ಅನುಸರಿಸಿದ್ದು ಯುರೋಪಿನ ದಾರಿ, ನಮ್ಮ ಬಹುತೇಕ ಗಾಡಿಗಳಲ್ಲಿ ಆ ಪರೀಕ್ಷೆಯೇ ಇಲ್ಲ.

ಎಬಿಎಸ್, ಸ್ಟೇರಿಂಗ್, ಏರ್‌ಬ್ಯಾಗ್ ಅಂತ ನಾಲ್ಕಾರು ದೀಪ ಒಟ್ಟಿಗೇ ಹೊತ್ತಿಕೊಂಡರೆ ಅಷ್ಟೂ ಒಟ್ಟಿಗೇ ಕೆಟ್ಟಿರುವುದು ಅಪರೂಪ. ಬ್ಯಾಟರಿಗೆ ಮೀಟರ್ ಹಿಡಿಯಿರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಫುಲ್ ಚಾರ್ಜ್. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮುದಿಯಾಗಿದೆ. ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು, ಇಲ್ಲದಿದ್ದರೆ ಆಲ್ಟರ್ನೇಟರ್, ಬೆಲ್ಟು. ಎಲ್ಲ ಸರಿಯಿದ್ದರೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಸುಮಾರು 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ವೈರ್ ತುಕ್ಕು ಹಿಡಿದಿದೆ. ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ. ಖರ್ಚು ಏನೂ ಇಲ್ಲ.

ಏರ್‌ಬ್ಯಾಗ್ ದೀಪ ಒಂದೇ ಉರಿಯುತ್ತಿದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಸೀಟಿನ ಕೆಳಗಿನ ಹಳದಿ ಕಪ್ಲರಿಗೆ ಮೀಟರ್ ಕಡ್ಡಿ ಚುಚ್ಚುವುದಂತೂ ಬೇಡವೇ ಬೇಡ, ಏರ್‌ಬ್ಯಾಗ್ ಸಿಡಿಯಬಹುದು.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ಸ್ಟಾರ್ಟ್ ಮಾಡುವ ಮೊದಲು ಕೀ ಆನ್ ಮಾಡಿ ನಿಲ್ಲಿ. ಚೆಕ್ ಎಂಜಿನ್, ಏರ್‌ಬ್ಯಾಗ್, ಎಬಿಎಸ್ ಎಲ್ಲವೂ ಒಮ್ಮೆ ಹೊತ್ತಿಕೊಳ್ಳಬೇಕು. ಗಾಡಿಯಲ್ಲಿ ಇರಬೇಕಾದ ದೀಪ ಹೊತ್ತಿಕೊಳ್ಳಲೇ ಇಲ್ಲ ಅಂದರೆ ಯಾರೋ ಬಲ್ಬ್ ತೆಗೆದಿರಬಹುದು. ಅಂಥ ಗಾಡಿಗೆ ಅಡ್ವಾನ್ಸ್ ಕೊಡಬೇಡಿ.

ಜೆಸಿ ರೋಡಿಗೆ ಹೋಗುವುದೇ ಆದರೆ ಹಳೆ ಪಾರ್ಟ್ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅದರ ಮೇಲಿನ ಪಾರ್ಟ್ ನಂಬರ್ ಹೊಂದಿಸಿ ಕೊಳ್ಳಿ. ಸೆನ್ಸರುಗಳಲ್ಲಿ ಡೂಪ್ಲಿಕೇಟ್ ಜಾಸ್ತಿ. ಹಾಕಿದ ಮೇಲೆ ಕೋಡ್ ಅಳಿಸಿ, ಒಂದೆರಡು ದಿನ ಟ್ರಾಫಿಕ್ಕಿನಲ್ಲೂ ಖಾಲಿ ರಸ್ತೆಯಲ್ಲೂ ಓಡಿಸಿ, ಆಮೇಲೆ ಆ್ಯಪಿನಲ್ಲಿ ಪೆಂಡಿಂಗ್ ಕೋಡ್ ಅನ್ನುವ ಜಾಗ ತೆರೆದು ನೋಡಿ. ದೀಪ ಹೊತ್ತಿಕೊಳ್ಳುವ ಮುಂಚೆಯೇ ದೋಷ ಅಲ್ಲಿ ಕಾಣಿಸಿಕೊಂಡಿರುತ್ತದೆ. ಅಲ್ಲೂ ಏನೂ ಇಲ್ಲದಿದ್ದರೆ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೊರಡಬಹುದು.